ಹೆಸರು ಕೂಗಿದಾಗ ಓ ಎಂದವಳು

ಕಳೆದ ತಿಂಗಳು ಒಬ್ಬ ಹುಡುಗಿ ನನ್ನ ಮನೆ ಹುಡುಕಿಕೊಂಡು ಬಂದಿದ್ದಳು. ಕಾಡಂಚಿನ ಕೇರಿಗಳ ಹೆಂಗಸರಿಗೆ ಉಳಿತಾಯ, ಸಾಲ, ವಿಮೆ ಎಂದು ತಿಳಿಸಿಕೊಡುವ ಕೆಲಸಕ್ಕೆ ಹೊಸದಾಗಿ ಸೇರಿದ್ದಾಳೆ. ಚೀಲದಲ್ಲಿ ಬಣ್ಣದ ಚಿತ್ರಗಳ ಒಂದು ಕಟ್ಟು ಇತ್ತು. ಮೊದಲ ದಿನ ಹೋಗಿ ಏನು ಮಾತಾಡಬೇಕು ಎಂದು ಕೇಳಿದಳು. ನಾನು ಮಾತಿನಲ್ಲಿ ಹಿಂದೆ. ಬರೆದು ಕೊಡುತ್ತೇನೆ ಎಂದೆ. ಬರೆಯಲು ಕುಳಿತ ಮೇಲೆ ಗೊತ್ತಾಯಿತು, ಏನು ಮಾತಾಡಬೇಕು ಎಂಬುದಕ್ಕೆ ನನ್ನ ಬಳಿ ಈಗಲೂ ಉತ್ತರವಿಲ್ಲ. ನನಗೆ ಏನೇನಾಯಿತು ಎಂಬುದು ಮಾತ್ರ ಇದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಒಂದು ಬ್ಯಾಂಕಿಗೆ ಸೇರಿದೆ. ಹೊಸನಗರದ ಶಾಖೆಗೆ ಹಾಕಿದರು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳ ಹಸಲರ ಕೇರಿಗಳಿಗೆ ಹೋಗಿ ಖಾತೆ ತೆರೆಸುವುದು, ಉಳಿತಾಯ ಎಂದರೇನೆಂದು ತಿಳಿಸುವುದು ನನ್ನ ಕೆಲಸ. ಹಸಲರು ಕಾಡನ್ನು ನಂಬಿ ಬದುಕುವವರು. ಸೀಗೆಕಾಯಿ, ಉಪ್ಪಾಗೆ, ರಾಂಪತ್ರೆ, ಜೇನು ತಂದು ಮಾರುತ್ತಿದ್ದರು; ಮರ ಕಡಿಯುವ ಕೂಪುಗಳಲ್ಲಿ ಕೂಲಿ ಮಾಡುತ್ತಿದ್ದರು. ನಮ್ಮ ಮ್ಯಾನೇಜರು ವಾಸುದೇವರಾಯರು ಕರಾವಳಿ ಕಡೆಯವರು. ಒಳ್ಳೆಯವರು, ಆದರೆ ತಪಾಸಣೆಯೆಂದರೆ ಹೆದರಿಕೆ. ಮೊದಲ ದಿನ ನನಗೆ ಹೇಳಿದ್ದು ಇಷ್ಟೆ: "ಪಾಠಗೀಟ ಎಂತದೂ ಬೇಡ. ಫಾರಂ ತುಂಬಿಸ್ಕೊಂಡು ಬನ್ನಿ, ಸಾಕು."

ನಾನು ಪಾಠವನ್ನೇ ಮಾಡಿದೆ. ತುಮರಿಯ ಆಚೆಗಿನ ಒಂದು ಕೇರಿಗೆ ಹಿನ್ನೀರನ್ನು ಲಾಂಚಿನಲ್ಲಿ ದಾಟಿ ಹೋಗಿ, ತಗಡಿನ ಹುಂಡಿಗಳನ್ನು ಹಂಚಿದೆ. ಪ್ರತಿಯೊಂದಕ್ಕೂ ಪುಟ್ಟ ಬೀಗ, ಬೀಗದ ಕೈ ನಮ್ಮ ಬ್ಯಾಂಕಿನಲ್ಲಿ. ಒಬ್ಬ ಮುದುಕಿ ಹುಂಡಿಯನ್ನು ತಿರುಗಿಸಿ ನೋಡಿದಳು.

"ಈ ಬೀಗ ಯಾರಿಗೆ ಅಮ್ಮಾ?"

"ಕಳ್ಳರು ತೆಗೆಯಬಾರದಲ್ಲ, ಅದಕ್ಕೆ."

"ಇಲ್ಲಿ ಇರೋರೆಲ್ಲ ನಾವೇ ಅಲ್ವಾ. ಹಂಗಾರೆ ನಮ್ಮಲ್ಲಿ ಯಾರು ಅಂತ ಹೇಳ್ಬಿಡಿ, ಅವರ ಮನೇಲಿ ಬೆಂಕಿ ಕೇಳೋದು ಬಿಡ್ತೀವಿ."

ಎಲ್ಲರೂ ನಕ್ಕರು. ಆ ಕೇರಿಯಲ್ಲಿ ಬಾಗಿಲಿಗೆ ಅಗುಳಿಯೂ ಇರಲಿಲ್ಲವೆಂದು ಆಮೇಲೆ ಗಮನಿಸಿದೆ. ಪಕ್ಕದ ಮನೆಯವರ ಎದುರು ಬೀಗ ಹಾಕಿದ ಡಬ್ಬಿ ಇಟ್ಟುಕೊಳ್ಳುವುದೆಂದರೆ ಅವರನ್ನು ಬೈದಂತೆ. ಹುಂಡಿಗಳು ವಾಪಸು ಲಾಂಚು ಹತ್ತಿದವು. ಒಂದನ್ನು ಮಾತ್ರ ಮುದುಕಿ ಬೀಗ ಕಿತ್ತು ಇಟ್ಟುಕೊಂಡಳು, ಮೆಣಸಿನ ಬೀಜ ತುಂಬಲು.

ಮೇಳಿಗೆಯ ಹತ್ತಿರದ ಕೇರಿಯಲ್ಲಿ ಇನ್ನೊಂದು ಆಯಿತು. ತಿಂಗಳ ಮೊದಲ ಸೋಮವಾರ ಬರುತ್ತೇನೆ, ಉಳಿಸಿದ ದುಡ್ಡನ್ನು ಆಗ ಕೊಟ್ಟರಾಯಿತು ಎಂದು ಹೇಳಿ ಬಂದಿದ್ದೆ. ಹೋದರೆ ಒಬ್ಬರೂ ಇಲ್ಲ. ಮತ್ತೆ ಹೋದೆ, ಮತ್ತೆ ಇಲ್ಲ. ನನ್ನನ್ನು ಕಂಡರೆ ತಪ್ಪಿಸಿಕೊಳ್ಳುತ್ತಾರೆ ಎಂದು ಮನಸ್ಸಿಗೆ ನೋವಾಯಿತು. ಒಂದು ದಿನ ದಾರಿಯಲ್ಲಿ ಸಿಕ್ಕ ಹೆಂಗಸು ಹೇಳಿದಳು: "ತಿಂಗಳು ನೋಡ್ಕೊಂಡು ಬಂದ್ರೆ ನಾವು ಸಿಗ್ತೀವಾ? ಉಪ್ಪಾಗೆ ಒಣಗಿದ ಮೇಲೆ ಬನ್ನಿ. ಜೇನು ಇಳಿಸಿದ ಮೇಲೆ ಬನ್ನಿ. ಆಗ ಕೈಲಿ ಏನಾದ್ರೂ ಇರತ್ತೆ, ನಾವೂ ಇರ್ತೀವಿ." ನಾನು ಕ್ಯಾಲೆಂಡರನ್ನು ಕೋಣೆಯಲ್ಲೇ ಬಿಟ್ಟು, ಕಾಡಿನಲ್ಲಿ ಯಾವಾಗ ಏನು ಸಿಗುತ್ತದೆ ಎಂದು ಕೇಳಿ ತಿಳಿದುಕೊಂಡು ತಿರುಗತೊಡಗಿದೆ. ಕೆಲಸ ಸ್ವಲ್ಪ ಸಾಗಿತು.

ಹೀಗೆ ಕಲಿಯುತ್ತ ಬಂದ ಮೇಲೆ ನನಗೆ ಒಂದು ಧೈರ್ಯ ಹುಟ್ಟಿತು. ಪುಸ್ತಕದ ಉದಾಹರಣೆ ಬಿಟ್ಟು ಅವರ ಬದುಕಿನ ಉದಾಹರಣೆಯನ್ನೇ ತೆಗೆದುಕೊಂಡರೆ ಎಲ್ಲವೂ ಅರ್ಥವಾಗುತ್ತದೆ ಎಂದುಕೊಂಡೆ. ಆ ಧೈರ್ಯದಲ್ಲಿ ಹೋದದ್ದು ಕುಳಿಹಕ್ಲು ಎಂಬ ಕೇರಿಗೆ. ಹೊಸನಗರದಿಂದ ಜೀಪಿನಲ್ಲಿ ಒಂದಷ್ಟು ದೂರ, ಆಮೇಲೆ ನಡಿಗೆ.

ಅಲ್ಲಿ ಬೆಳ್ಳಿ ಮತ್ತು ಸುಬ್ಬಿ ಎಂಬ ಇಬ್ಬರು ಓರಗಿತ್ತಿಯರಿದ್ದರು. ಅಣ್ಣನನ್ನು ಮದುವೆಯಾದವಳು ಬೆಳ್ಳಿ, ತಮ್ಮ ತಿಮ್ಮನನ್ನು ಮದುವೆಯಾದವಳು ಸುಬ್ಬಿ. ಬೆಳ್ಳಿಯ ಗಂಡ ತೀರಿಕೊಂಡಿದ್ದ. ಒಬ್ಬಳು ಸಣ್ಣ ಮಗಳಿದ್ದಳು. ಬೆಳ್ಳಿಗೆ ಬಾಯಿ ಜಾಸ್ತಿ, ಸುಬ್ಬಿ ನನ್ನ ಹಾಗೆ ಕಡಿಮೆ. ಖಾತೆ ತೆರೆಯಲು ಮೊದಲು ಒಪ್ಪಿದವಳು ಬೆಳ್ಳಿಯೇ. ಉಳಿದವರು ಹಿಂದೇಟು ಹಾಕಿದಾಗ ನನ್ನನ್ನು ಬೆರಳಿನಲ್ಲಿ ತೋರಿಸಿ ಹೇಳಿದಳು:

"ಈ ಅಮ್ಮನ ಬಾಯಿ ನೋಡ್ರೇ. ಬಂದಾಗಿಂದ ಎಷ್ಟು ಮಾತಾಡಿದಾರೆ? ನಮ್ಮ ದುಡ್ಡು ಇವರ ಹತ್ರ ಇದ್ರೆ ಯಾರಿಗೂ ಹೇಳಲ್ಲ."

ಬ್ಯಾಂಕಿಗೆ ಬಂದಾಗ ಏನು ಮಾಡಬೇಕೆಂಬುದನ್ನು ಅವರಿಗೆ ಅಭ್ಯಾಸ ಮಾಡಿಸಬೇಕಿತ್ತು. ಕೌಂಟರು, ಟೋಕನ್ನು, ಸರದಿ, ಯಾವುದೂ ಅವರು ಕಂಡದ್ದಲ್ಲ. ನಾನು ಯೋಚಿಸಿ ಕೂಪಿನ ಹಾಜರಿಯನ್ನು ಉದಾಹರಣೆ ಮಾಡಿಕೊಂಡೆ. ಕೂಪಿನಲ್ಲಿ ಬೆಳಿಗ್ಗೆ ಮೇಸ್ತ್ರಿ ಒಬ್ಬೊಬ್ಬರ ಹೆಸರು ಕೂಗುತ್ತಾನೆ, ಕರೆಸಿಕೊಂಡವರು ಓ ಎನ್ನುತ್ತಾರೆ, ಆ ಹೆಸರಿಗೆ ಆ ದಿನದ ಕೂಲಿ. "ಬ್ಯಾಂಕೂ ಹಾಗೆಯೇ. ನಿಮ್ಮ ಪಾಸ್‌ಬುಕ್ ಕೊಟ್ಟು ಕೂತ್ಕೊಳ್ಳಿ. ಹೆಸರು ಕೂಗ್ತಾರೆ. ಓ ಅಂತ ಎದ್ದು ಹೋಗಿ, ಹೆಬ್ಬೆಟ್ಟು ಒತ್ತಿ, ದುಡ್ಡು ತಗೊಳ್ಳಿ." ನಾನೇ ಮೇಸ್ತ್ರಿಯಾದೆ. ಹೆಸರು ಕೂಗಿದೆ. ಅವರು ನಗುತ್ತ, ಓ ಎನ್ನುತ್ತ, ಒಬ್ಬೊಬ್ಬರಾಗಿ ಎದ್ದು ಬಂದರು. ಒಂದು ಸಂಜೆಯಲ್ಲಿ ಇಡೀ ಕೇರಿ ಕಲಿತುಬಿಟ್ಟಿತು. ವಾಪಸು ನಡೆದು ಬರುವಾಗ ನನಗೆ ಬಹಳ ಸಂತೋಷವಾಗಿತ್ತು.

ಮುಂದಿನದು ಸೀಗೆಕಾಯಿಯ ಕಾಲದಲ್ಲಿ ನಡೆದದ್ದು. ನಾನು ಎರಡು ದಿನ ತುಮರಿಯ ಕಡೆಗೆ ಹೋಗಿದ್ದೆ. ಸಂಜೆ ಶಾಖೆಗೆ ಬಂದರೆ ಬಾಗಿಲು ಅರ್ಧ ಎಳೆದಿತ್ತು, ಒಳಗೆ ದೀಪವಿತ್ತು. ನಮ್ಮ ಅಕೌಂಟೆಂಟರು ಭೂತಗನ್ನಡಿ ಹಿಡಿದು ಕುಳಿತಿದ್ದರು.

"ಬನ್ನಿ ಮೇಡಂ. ನಿಮ್ಮ ಬೆಳ್ಳಿಗೆ ಹೆಬ್ಬೆಟ್ಟು ಆಗಾಗ ಬದಲಾಗತ್ತಾ?"

ಬೆಳ್ಳಿಯ ಖಾತೆಯಲ್ಲಿದ್ದ ಹಣವನ್ನೆಲ್ಲ ಹಿಂದಿನ ದಿನ ಯಾರೋ ತೆಗೆದಿದ್ದರು. ಅದು ಸಂತೆಯ ದಿನ, ಜನ ತುಂಬಿದ್ದರು. ಕುಳಿಹಕ್ಲಿನವರ ಪಾಸ್‌ಬುಕ್‌ಗಳಿಗೆ ಫೋಟೊ ಇನ್ನೂ ಅಂಟಿಸಿರಲಿಲ್ಲ. ಸಾಗರದಿಂದ ಫೋಟೊಗ್ರಾಫರು ಬರಬೇಕಿತ್ತು. ಗುಮಾಸ್ತರು ಬೆಳ್ಳಿ ಎಂದು ಕೂಗಿದರು, ಒಬ್ಬ ಹೆಂಗಸು ಓ ಎಂದು ಎದ್ದು ಬಂದಳು, ಹೆಬ್ಬೆಟ್ಟು ಒತ್ತಿ ಹಣ ತೆಗೆದುಕೊಂಡು ಹೋದಳು. ಮಾರನೆಯ ದಿನ ಅಕೌಂಟೆಂಟರು ಹಳೆಯ ಗುರುತಿನ ಜೊತೆ ಇಟ್ಟು ನೋಡಿದಾಗ ಎರಡು ಹೆಬ್ಬೆಟ್ಟೂ ಬೇರೆ.

ವಾಸುದೇವರಾಯರ ಮುಖ ಬಿಳಿಚಿಕೊಂಡಿತ್ತು. "ಇದು ಎಂತ ಸಣ್ಣ ಸಂಗತಿಯಲ್ಲ. ಇನ್ನೊಬ್ಬರ ಹೆಸರು ಹೇಳಿ ದುಡ್ಡು ತೆಗ್ದುಕೊಂಡು ಹೋಗಿದ್ದಾಳೆ. ಪೊಲೀಸರಿಗೆ ಕೊಡದೆ ಬೇರೆ ದಾರಿ ಇಲ್ಲ. ನಾನು ಕೊಡದಿದ್ರೆ ನಾಳೆ ನನ್ನನ್ನೇ ಕೇಳ್ತಾರೆ."

"ಯಾರು ಅಂತ ಗೊತ್ತಾಯಿತಾ ಸರ್?"

"ನಮ್ಮ ಜವಾನ ನೋಡಿದ್ದಾನೆ. ಅವಳ ಓರಗಿತ್ತಿಯಂತೆ. ಸುಬ್ಬಿಯೋ ಎಂತದೋ."

ಸುಬ್ಬಿ ಹಾಗೆ ಮಾಡುವವಳಲ್ಲ ಎನ್ನಬಹುದಿತ್ತು, ಆದರೆ ಅದಕ್ಕೆ ನನ್ನ ಬಳಿ ಆಧಾರವಿರಲಿಲ್ಲ. ಠಾಣೆಗೆ ಒಮ್ಮೆ ಕಾಗದ ಹೋದರೆ ಏನಾಗುತ್ತದೆಂಬುದು ಮಾತ್ರ ಗೊತ್ತಿತ್ತು. ಆಗೆಲ್ಲ ಹಸಲರ ಕೇರಿಯ ಹೆಂಗಸು ಲಾಕಪ್ಪಿಗೆ ಹೋದರೆ ಅವಳನ್ನು ಬಿಡಿಸಲು ಬರುವ ವಕೀಲರಿರಲಿಲ್ಲ.

"ಸರ್, ಬೆಳಿಗ್ಗೆ ಒಂದು ಸಲ ಕೇರಿಗೆ ಬನ್ನಿ. ಆಮೇಲೆ ಬರೆಯಿರಿ" ಎಂದೆ.

ಅವರು ನನ್ನನ್ನೇ ನೋಡಿದರು. ಶಾಖೆಗೆ ಬಂದ ಮೇಲೆ ನಾನು ಅವರಲ್ಲಿ ಏನನ್ನೂ ಕೇಳಿದವಳಲ್ಲ, ರಜೆಯನ್ನು ಕೂಡ. "ಆಯ್ತು. ಮಧ್ಯಾಹ್ನದ ಒಳಗೆ ವಾಪಸು ಬರಬೇಕು" ಎಂದರು.

ಕೇರಿಗೆ ಹೋದಾಗ ಹೆಚ್ಚಿನವರು ಕೂಪಿಗೆ ಹೊರಡುವ ಗಡಿಬಿಡಿಯಲ್ಲಿದ್ದರು. ಸುಬ್ಬಿ ಬೆಳ್ಳಿಯ ಗುಡಿಸಲ ಮುಂದೆ ಬೆಳ್ಳಿಯ ಮಗಳಿಗೆ ಜಡೆ ಹಾಕುತ್ತಿದ್ದಳು. ನಮ್ಮನ್ನು ನೋಡಿ ಓಡಲಿಲ್ಲ, ಅಡಗಲಿಲ್ಲ. ಚಾಪೆ ತಂದು ಹಾಸಿದಳು. ರಾಯರು ಕೂರಲಿಲ್ಲ.

"ನಿನ್ನ ಹೆಸರೆಂತ?"

"ಈಗ ಬೆಳ್ಳಿ, ಅಯ್ಯಾ."

"ಈಗ ಅಂದ್ರೆ?"

"ಅವ್ಳು ಸೀಗೆ ಮೂಟೆ ಹೊತ್ಕೊಂಡು ಹಳ್ಳ ದಾಟೋವಾಗ ಜಾರಿ ಬಿದ್ಲು. ಕಾಲು ಮುರೀತು. ನಮ್ಮ ಮನೆಯೋರು ಶಿವಮೊಗ್ಗದ ಆಸ್ಪತ್ರೆಗೆ ಕರ್ಕೊಂಡು ಹೋಗಿದಾರೆ. ಅವ್ಳು ಬರೋ ತನ್ಕ ನಾನು ಬೆಳ್ಳಿ. ಬಂದ್ಮೇಲೆ ಸುಬ್ಬಿ."

ರಾಯರು ನನ್ನ ಕಡೆ ತಿರುಗಿದರು, ಮತ್ತೆ ಅವಳ ಕಡೆ. "ಹಾಗಾದ್ರೆ ಸುಬ್ಬಿ ಈಗ ಎಲ್ಲಿದ್ದಾಳೆ?"

"ಸುಬ್ಬಿಗೆ ಹಾಜರಿ ಇಲ್ಲ. ಅವ್ಳು ಕೂಪಿಗೆ ಹೋಗ್ತಿಲ್ಲ."

ಇದನ್ನು ಅವಳು ಯಾವ ನಾಟಕವೂ ಇಲ್ಲದೆ ಹೇಳಿದಳು, ಬಾವಿಯಲ್ಲಿ ನೀರಿಲ್ಲ ಎಂದು ಹೇಳುವ ಹಾಗೆ. ರಾಯರಿಗೆ ಸಿಟ್ಟು ಬರುತ್ತಿತ್ತು. ಅವರು ಬಗ್ಗಿ ಮಗುವನ್ನು ಕೇಳಿದರು: "ಪುಟ್ಟೀ, ಇವಳು ಯಾರು?"

"ಸುಬ್ಬಿ ಚಿಕ್ಕಿ" ಎಂದಿತು ಮಗು.

ನೆರೆದವರೆಲ್ಲ ನಕ್ಕರು. ಸುಬ್ಬಿಯೂ ನಕ್ಕಳು. "ಅದು ಸಣ್ಣದು ಅಯ್ಯಾ. ಅದ್ಕೆ ಹಾಜರಿ ಎಲ್ಲ ಎಲ್ಲಿ ಗೊತ್ತಾಗತ್ತೆ."

ಕೇರಿಯ ಹಿರಿಯ ಚೌಡ ಅಲ್ಲೇ ಕುಳಿತು ಹಗ್ಗ ಹೊಸೆಯುತ್ತಿದ್ದ. ಅವನು ನಮಗೆ ತಿಳಿಸಿ ಹೇಳಿದ. ಗದ್ದೆ ನೆಟ್ಟಿಯಲ್ಲಿ ಒಂದು ಮನೆಯವರು ಇನ್ನೊಂದು ಮನೆಗೆ ಆಳಾಗಿ ಹೋಗುವ ಮುಯ್ಯಾಳು ಪದ್ಧತಿ ರಾಯರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕುಳಿಹಕ್ಲಿನವರು ಅದನ್ನು ಕೂಪಿಗೂ ತಂದಿದ್ದರು. ಒಬ್ಬರು ಮಲಗಿದರೆ ಅವರ ಹೆಸರಿಗೆ ಇನ್ನೊಬ್ಬರು ಹೋಗಿ ಓ ಎನ್ನುವುದು. ಹೋದವರ ಹೆಸರು ಅಷ್ಟು ದಿನ ಸುಮ್ಮನೆ ಕೂರುವುದು. ಬಂದ ಕೂಲಿ ಮಲಗಿದವರ ಮನೆಗೆ. ಮೇಸ್ತ್ರಿಗೆ ತಲೆ ಲೆಕ್ಕ ಸರಿಯಿದ್ದರೆ ಸಾಕು, ಅವನು ಕೇಳುವುದಿಲ್ಲ.

"ಹೆಸ್ರು ಕೂಗ್ದಾಗ ಯಾರೂ ಓ ಅನ್ನದಿದ್ರೆ ಆ ದಿನಕ್ಕೆ ಆ ಹೆಸ್ರು ಹೊಡೆದು ಹಾಕ್ತಾರೆ ಅಯ್ಯಾ. ಆಮೇಲೆ ಆ ಮನೆ ಒಲೆ ಹತ್ತೋದು ಹೆಂಗೆ?" ಎಂದ ಚೌಡ. "ಹೆಸ್ರು ಬಿದ್ದು ಹೋಗ್ಬಾರ್ದು, ಅದ್ಕೆ ಹಿಡ್ಕೊಳೋದು."

"ಬ್ಯಾಂಕಿನ ದುಡ್ಡು?"

"ಬಸ್ಸಿಗೆ, ಆಸ್ಪತ್ರೆಗೆ ಬೇಕಿತ್ತಲ್ಲ. ಅವ್ಳು ಏಳಂಗಿಲ್ಲ. ನಾನು ಹೋದೆ" ಎಂದಳು ಸುಬ್ಬಿ. ಆಮೇಲೆ ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದಳು: "ನೀವೇ ಹೇಳಿದ್ರಲ್ಲ ಅಮ್ಮಾ, ಹಾಜರಿ ಕೂಗ್ದಂಗೇ ಅಂತ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಹೇಳಿಕೊಟ್ಟ ಪಾಠ ಸರಿಯಾಗಿ ಒಪ್ಪಿಸಿದ ಮಗುವಿನ ಹಾಗೆ ನನ್ನ ಮುಖ ನೋಡುತ್ತಿದ್ದಳು. ನಾನು ಕೂಪಿನ ಹಾಜರಿಯನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೆ. ಅವರಿಗೆ ಅದು ಉದಾಹರಣೆಯಲ್ಲ, ಬದುಕು. ಅದರ ಜೊತೆ ಇರುವುದೆಲ್ಲವೂ ಬ್ಯಾಂಕಿಗೆ ಬಂದಿತ್ತು.

ರಾಯರು ಚಾಪೆಯ ಮೇಲೆ ಕೂತರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ನಿನ್ನ ಹೆಸರಿನ ಕೂಲಿ ಹೋಯ್ತಲ್ಲ, ಅದು?"

"ಹೋಯ್ತು" ಎಂದಳು ಸುಬ್ಬಿ. ಅದರಲ್ಲಿ ಹೇಳುವಂಥದ್ದು ಏನಿದೆ ಎಂಬಂತೆ ಮತ್ತೆ ಮಗುವಿನ ಜಡೆಗೆ ಕೈ ಹಾಕಿದಳು.

ರಾಯರು ಮಧ್ಯಾಹ್ನದೊಳಗೆ ವಾಪಸು ಹೋಗಲಿಲ್ಲ. ಬೆಳ್ಳಿಯನ್ನೇ ಕೇಳಿ ನೋಡೋಣವೆಂದು ಜೀಪನ್ನು ಶಿವಮೊಗ್ಗದ ದಾರಿಗೆ ತಿರುಗಿಸಿದರು. ಸುಬ್ಬಿಯನ್ನೂ ಕರೆದುಕೊಂಡರು. ಮಗುವನ್ನು ಚೌಡನ ಹೆಂಡತಿಯ ಬಳಿ ಬಿಟ್ಟೆವು. ಬ್ಯಾಂಕಿನವರು ಸುಬ್ಬಿಯನ್ನು ಒಯ್ದರು ಎಂದು ಕೇರಿಯ ಹೆಂಗಸರು ದಾರಿಯವರೆಗೆ ಬಂದು ನಿಂತರು. ಯಾರೂ ಅಳಲಿಲ್ಲ, ಆದರೆ ಯಾರೂ ಆ ದಿನ ಕೂಪಿಗೂ ಹೋಗಲಿಲ್ಲವೆಂದು ಆಮೇಲೆ ಕೇಳಿದೆ. ಜೀಪಿನ ಹಿಂದಿನ ಸೀಟಿನಲ್ಲಿ ಸುಬ್ಬಿ ನನ್ನ ಪಕ್ಕ ಕುಳಿತಿದ್ದಳು. ದಾರಿಯುದ್ದಕ್ಕೂ ಒಂದೇ ಮಾತು ಕೇಳಿದಳು: "ಅಮ್ಮಾ, ಜೈಲಲ್ಲಿ ಹಾಕಿದ್ರೆ ಯಾವ ಹೆಸ್ರಲ್ಲಿ ಹಾಕ್ತಾರೆ? ಅವ್ಳ ಹೆಸ್ರಲ್ಲಿ ಬೇಡ." ನಾನು ಅವಳ ಕೈ ಹಿಡಿದುಕೊಂಡೆ. ನನಗೆ ಅದು ಸುಲಭಕ್ಕೆ ಬರುವ ಕೆಲಸವಲ್ಲ.

ಆಸ್ಪತ್ರೆಯಲ್ಲಿ ಬೆಳ್ಳಿಯ ಕಾಲಿಗೆ ಪಟ್ಟಿ ಹಾಕಿ ಮಲಗಿಸಿದ್ದರು. ಸುಬ್ಬಿಯ ಗಂಡ ತಿಮ್ಮ ಕೆಳಗೆ ಕುಳಿತಿದ್ದ. ರಾಯರನ್ನು ಕಂಡು ಬೆಳ್ಳಿ ಎದ್ದು ಕೂರಲು ನೋಡಿದಳು.

"ಸುಬ್ಬಿಯನ್ನು ಬ್ಯಾಂಕಿಗೆ ಕಳಿಸಿದ್ದು ನೀನಾ?" ಎಂದು ಕೇಳಿದರು ರಾಯರು.

"ಕಳ್ಸೋದೆಂತಕ್ಕೆ ಅಯ್ಯಾ? ನಾನು ಬಿದ್ದಿದ್ದು ಅವ್ಳಿಗೆ ಕಾಣಲ್ವಾ? ಅವ್ಳಿಗೇನು ಕುರುಡಾ?" ಎಂದಳು ಬೆಳ್ಳಿ. ಮತ್ತೆ ಸುಬ್ಬಿಯ ಮುಖ ನೋಡಿ, "ಎಂತಕ್ಕೆ ಮೋರೆ ಹಂಗೆ ಮಾಡ್ಕೊಂಡಿದೀಯಾ? ಮೇಸ್ತ್ರಿ ಬೈದನಾ?"

ಮುಂದೆ ಆದದ್ದನ್ನು ಚುಟುಕಾಗಿ ಹೇಳುತ್ತೇನೆ. ರಾಯರು ಸುಬ್ಬಿ ತೆಗೆದ ಹಣದಷ್ಟನ್ನೂ ತಮ್ಮ ಕೈಯಿಂದ ಬೆಳ್ಳಿಯ ಖಾತೆಗೆ ಕಟ್ಟುವುದೆಂದು ಬರೆದರು. ಹಾಸಿಗೆ ಹಿಡಿದ ಗ್ರಾಹಕರು ಇಬ್ಬರು ಸಾಕ್ಷಿಗಳ ಎದುರು ಹೆಬ್ಬೆಟ್ಟು ಒತ್ತಿ ಹಣ ತೆಗೆಯಬಹುದೆಂಬ ನಿಯಮವೊಂದಿದೆ. ವಾರ್ಡಿನ ವೈದ್ಯರು ಒಬ್ಬ ಸಾಕ್ಷಿ, ನಾನು ಒಬ್ಬಳು. ಬೆಳ್ಳಿ ಒತ್ತಿದಳು. ಅವಳ ಹಣ ಅವಳಿಗೆ ಆಗಲೇ ತಲುಪಿತ್ತಾದ್ದರಿಂದ ಅದೇ ಹಣ ರಾಯರಿಗೆ ವಾಪಸಾಯಿತು. ತಪಾಸಣೆಗೆ ಬಂದವರು ರಾಯರ ಮೇಲೆ ಒಂದು ಟಿಪ್ಪಣಿ ಬರೆದು ಹೋದರು. ಅವರು ಅದನ್ನು ಯಾರ ಮೇಲೂ ಹೊರಿಸಲಿಲ್ಲ. ನಾನು ಪಾಠದ ರೀತಿ ಬದಲಿಸಿದೆ. ಯಾವ ಕೇರಿಗೆ ಹೋದರೂ ಮೊದಲು ಕೇಳುವುದು, ಒಬ್ಬರು ಮಲಗಿದರೆ ಅವರ ಪಾಲಿನದನ್ನು ಯಾರು ನೋಡುತ್ತಾರೆ ಎಂದು. ಖಾತೆಯಲ್ಲಿ ಆ ಇಬ್ಬರ ಹೆಸರನ್ನೂ ಸೇರಿಸುವುದು, ಇಬ್ಬರಲ್ಲಿ ಯಾರು ಬಂದರೂ ಹಣ ಕೊಡಬಹುದು ಎಂದು ಬರೆಸುವುದು. ಗಂಡ ಹೆಂಡತಿಯಲ್ಲ, ತಾಯಿ ಮಗನಲ್ಲ, ಓರಗಿತ್ತಿಯರಿಗೆ ಜಂಟಿ ಖಾತೆ ಯಾಕೆ ಎಂದು ಮೇಲಿನಿಂದ ಪತ್ರ ಬಂತು. ರಾಯರು ಉತ್ತರ ಬರೆದರು. ನಿಯಮದಲ್ಲಿ ಬೇಡವೆಂದು ಎಲ್ಲಿಯೂ ಇಲ್ಲ ಎಂದಷ್ಟೆ.

ಹೆಬ್ಬೆಟ್ಟಿನ ವಿಷಯ ಹೇಳುವುದು ಕಷ್ಟವಾಯಿತು. ಕೂಲಿಗೆ ಒಬ್ಬರ ಬದಲು ಒಬ್ಬರು ಹೋಗಬಹುದು, ಒಬ್ಬರ ಹೆಬ್ಬೆರಳಿನ ಬದಲು ಇನ್ನೊಬ್ಬರದು ನಡೆಯುವುದಿಲ್ಲ ಎಂದು ನಾನು ಹೇಳಿದಾಗ ಕುಳಿಹಕ್ಲಿನವರು ಮಸಿಯ ಪ್ಯಾಡು ಇಸಿದುಕೊಂಡು ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಒತ್ತಿ ನೋಡಿದರು. ಒಂದರ ಹಾಗೆ ಒಂದಿಲ್ಲ. ಚೌಡನಿಗೆ ಅದು ಅಷ್ಟು ಇಷ್ಟವಾಗಲಿಲ್ಲ.

ಆದರೆ ನಾನು ಈ ಹುಡುಗಿಗೆ ಹೇಳಬೇಕೆಂದು ಕುಳಿತದ್ದು ಇದನ್ನಲ್ಲ. ಆ ದಿನ ಆಸ್ಪತ್ರೆಯ ಜಗುಲಿಯಲ್ಲಿ ನಡೆದದ್ದು.

ರಾಯರು ಅಲ್ಲಿ ಬೆಂಚಿನ ಮೇಲೆ ಕುಳಿತು ವರದಿ ಬರೆಯುತ್ತಿದ್ದರು. ಹಿಂದಿನ ಸಂಜೆ ಠಾಣೆಗೆಂದು ಬರೆದಿಟ್ಟಿದ್ದ ಕಾಗದ ಅವರ ಜೇಬಿನಲ್ಲಿತ್ತು. ಅದನ್ನು ತೆಗೆದು ನಾಲ್ಕಾಗಿ ಹರಿದು, ಹಿಂಬದಿಯ ಖಾಲಿ ಚೂರೊಂದರಲ್ಲಿ ಪೆನ್ನು ಉಜ್ಜಿ ನೋಡಿ, ಹೊಸ ಹಾಳೆ ತೆಗೆದರು. ಸುಬ್ಬಿ ಕಂಬಕ್ಕೆ ಒರಗಿ ನಿಂತು ಅವರ ಕೈಯನ್ನೇ ನೋಡುತ್ತಿದ್ದಳು. ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕಿದ ಮೇಲೆ ಕೇಳಿದಳು:

"ನಾನು ಸುಳ್ಳು ಹೇಳ್ದೆ ಅಂತ ಬರೆದ್ರಾ ಅಯ್ಯಾ?"

ರಾಯರು ಬರೆದದ್ದನ್ನು ಮತ್ತೊಮ್ಮೆ ಓದಿಕೊಂಡರು. ಅದು ಇಂಗ್ಲಿಷಿನಲ್ಲಿತ್ತು. "ಇಲ್ಲ. ಬಂದವರು ಯಾರು ಅಂತ ನಮಗೆ ತಿಳೀಲಿಲ್ಲ, ತಪ್ಪು ನಮ್ಮದು ಅಂತ ಬರೆದಿದ್ದೇನೆ."

"ಈಗ ತಿಳೀತಾ?"

"ಈಗ ತಿಳೀತು ಮಾರಾಯ್ತಿ."

"ಠಾಣೆ?"

"ಠಾಣೆ ಇಲ್ಲ. ಮನೆಗೆ ಹೋಗುವ."

ಸುಬ್ಬಿ ಸೆರಗಿನಿಂದ ಮುಖ ಒರೆಸಿಕೊಂಡಳು. ಜೀಪಿನ ಕಡೆಗೆ ನಡೆದಳು. ಆಗ ವಾರ್ಡಿನ ಒಳಗಿಂದ ಬೆಳ್ಳಿ ಕೂಗಿದಳು: "ಸುಬ್ಬೀ..."

ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿದರೂ ತನಗಲ್ಲ ಎಂದುಕೊಂಡಳೋ, ನಡೆಯುತ್ತಲೇ ಇದ್ದಳು. ಆಮೇಲೆ ಬೆಳ್ಳಿ ಇನ್ನೂ ಗಟ್ಟಿಯಾಗಿ ಕೂಗಿದಳು:

"ಬೆಳ್ಳೀ, ಮಗೂಗೆ ಹೇಳೇ, ಬೇಗ ಬರ್ತೀನಿ ಅಂತ."

ಸುಬ್ಬಿ ತಕ್ಷಣ ತಿರುಗಿ ನಿಂತಳು.

"ಓ" ಎಂದಳು.